ಎರಡು ಮಿಲಿಮೀಟರ್ ಹೆಚ್ಚು ಉದ್ದದ ರಾಡು

ಗುರುವಾರ, ಆಗಸ್ಟ್ ೧೪

ಆ ಎರಡು ಮಿಲಿಮೀಟರ್ ಇನ್ನೂ ತಲೆಯಿಂದ ಇಳಿದಿಲ್ಲ. ಅಕ್ಕನ ರೇಸ್ ಕಾರಿನ ಎಂಜಿನ್‌ಗೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಹೊಸ ಕನೆಕ್ಟಿಂಗ್ ರಾಡ್ ಹಾಕಿ, ಇವತ್ತು ಕ್ರ್ಯಾಂಕನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದೆ. ಪಿಸ್ಟನ್ ಮೇಲೆ ಬಂದು ಬ್ಲಾಕಿನ ಅಂಚಿಗೆ ನಿಲ್ಲಲಿಲ್ಲ, ದಾಟಿ ಇಣುಕಿತು. ಹೊಸ ರಾಡು ಹಳೆಯದಕ್ಕಿಂತ ಎರಡು ಮಿಲಿಮೀಟರ್ ಉದ್ದ, ಪಿಸ್ಟನ್ ಮಾತ್ರ ಹಳೆಯ ಅಳತೆಯದೇ. ಹೀಗೇ ಓಡಿಸಿದರೆ ಮೇಲಿನ ಹೆಡ್ಡಿಗೆ ಬಡಿದು ಎಲ್ಲಾ ಪುಡಿ.

"ಬ್ಲಾಕಿಗೂ ಹೆಡ್ಡಿಗೂ ನಡುವೆ ದಪ್ಪ ಗ್ಯಾಸ್ಕೆಟ್ ಹಾಕು, ಅಂತರ ಸಿಗುತ್ತೆ. ಭಾನುವಾರದ ರೇಸು ಒಂದು ತಡೆದ್ರೆ ಸಾಕು," ಅಂದಳು ಅಕ್ಕ.

"ಪೂರ್ತಿ ವೇಗದಲ್ಲಿ ಒಡೆದ್ರೆ ಒಳಗಿರೋದು ನೀನು. ನಾನು ಹಾಕಲ್ಲ," ಅಂದೆ.

ಅಕ್ಕ ಮುಖ ಊದಿಸಿಕೊಂಡು, ನನ್ನ ಕೈಯಿಂದ ಅಳತೆಯ ಗೇಜು ಕಿತ್ತುಕೊಂಡು, ನಾಲ್ಕೂ ಸಿಲಿಂಡರ್ ತಾನೇ ಅಳೆದಳು. ಆಮೇಲೆ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಕೈಯ ಗ್ರೀಸು ಒರೆಸಿದಳು. ವರ್ಷವಿಡೀ ಕಾದಿದ್ದ ರೇಸು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಬಿಚ್ಚೋಣ ಬಿಡು," ಅಂದಳು ಕೊನೆಗೆ. "ರಾಡು ಸಿಕ್ಕಿಸೋ ಪಿನ್ನಿನ ತೂತು ಎರಡು ಮಿಲಿಮೀಟರ್ ಮೇಲಿರೋ ಪಿಸ್ಟನ್ ತರಿಸೋಣ, ಆಗ ಅಂಚು ದಾಟಲ್ಲ."

ಅಮ್ಮನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಪಿಸ್ಟನ್ ಭಾನುವಾರದೊಳಗೆ ಬರಲ್ಲ, ಈ ಸಲ ಓಡಿಸುತ್ತಿಲ್ಲ ಎಂದು ಹೇಳಿದಳು. ರೇಸಿನ ದಿನ ಊಟ ಮುಟ್ಟದೆ ಕೂರುವ ಅಮ್ಮ, ಈ ಹುಚ್ಚು ಬಿಡೇ ಎಂದು ವರ್ಷಗಳಿಂದ ಗೋಗರೆಯುತ್ತಿರುವ ಅಮ್ಮ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ಮುಂದಿನ ರೇಸಿಗಾದ್ರೂ ರೆಡಿ ಆಗುತ್ತೇನೇ? ತಮ್ಮನಿಗೆ ಕೊಡು ಫೋನು," ಅಂದಳು ಅಮ್ಮ.

ಆಗುತ್ತೆ ಅಮ್ಮ, ಅಂದೆ. ಅಷ್ಟರಲ್ಲಿ ಅಕ್ಕ ಎದ್ದು ಸ್ಪ್ಯಾನರ್ ಹುಡುಕುತ್ತಿದ್ದಳು.