ಶನಿ ತೆಗೆಯದ ಬಲ್ಬು

ಗುಡ್ನಾಪುರ,
ಭಾನುವಾರ, ೯ ನವೆಂಬರ್ ೨೦೨೫

ತಮ್ಮ ರಾಘುವಿಗೆ ಮಂಜಕ್ಕನ ಆಶೀರ್ವಾದ.

ಹೇಗಿದ್ದೀಯ? ಹೋದ ತಿಂಗಳು ಜೈಲಿಗೆ ನಿನ್ನನ್ನು ನೋಡಲು ಬಂದಾಗ ನೀನು ಒಂದೇ ಸಮನೆ ಕೆಮ್ಮುತ್ತಿದ್ದೆ, ಈಗ ಇಳಿಯಿತೋ ಇಲ್ಲವೋ? ಕಷಾಯದ ಪುಡಿ ಮಾಡಿಕೊಂಡು ಬಂದಿದ್ದೆ, ಗೇಟಿನಲ್ಲೇ ತೆಗೆದಿಟ್ಟುಕೊಂಡರು. ಅವರಾದರೂ ಕುಡಿದಿರಲಿ. ಇಲ್ಲಿ ಅಪ್ಪ ಆರಾಮ. ಮೊಣಕಾಲು ನೋವೆಂದು ದಿನವೂ ಕೂಗಾಡುತ್ತಾನೆ, ಮೀನುಸಾರು ಮಾಡಿದ ದಿನ ಮಾತ್ರ ನೋವು ಇರುವುದಿಲ್ಲ. ನಿನ್ನ ಮಗಳು ರಕ್ಷಿತಾ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ. ಗಣಿತದಲ್ಲಿ ಕಡಿಮೆ, ಅದು ನಮ್ಮ ಮನೆಯ ಗುಣವೇ ಬಿಡು. ಅಲ್ಲಿಯವರು ಕಾಗದಗಳನ್ನೆಲ್ಲ ಒಡೆದು ಓದುತ್ತಾರಂತೆ. ಓದಲಿ, ನಾನೇನು ಕಳ್ಳತನದ ಸುದ್ದಿ ಬರೆಯುತ್ತಿಲ್ಲ.

ನಿನ್ನ ಕಾಗದ ಬಂತು. ಓದಿದ ಮೇಲೆ ಊಟ ಸೇರಲಿಲ್ಲ, ಅಷ್ಟು ಸಿಟ್ಟು ಬಂತು. "ಎಲ್ಲಾ ಮೊದ್ಲೇ ಬರ್ದಿಟ್ಟಿದ್ದು ಅಕ್ಕಾ, ಇದ್ರಾಗೆ ನಂದೇನೈತೆ" ಎಂದು ಬರೆದಿದ್ದೀಯಲ್ಲ, ನಾಚಿಕೆಯಾಗಲಿಲ್ಲವೇನೋ? ನಿನ್ನ ಗೋವಿನಜೋಳದ ಹೊಲದ ಬೇಲಿಯ ಕರೆಂಟು ತಗುಲಿ ಪಕ್ಕದ ಮನೆಯ ಶಂಕ್ರಪ್ಪಣ್ಣ ಸತ್ತ. ಅದು ಅವನ ಆಯುಷ್ಯ ಮುಗಿದದ್ದಕ್ಕಂತೆ, ನೀನು ಬೇಲಿಗೆ ಕರೆಂಟು ಕೊಟ್ಟದ್ದು ನಿನ್ನ ಗ್ರಹಚಾರಕ್ಕಂತೆ. ನಿನ್ನ ಹೆಂಡತಿ ಕಾವ್ಯಶ್ರೀ ಸಿದ್ದಾಪುರದ ಜೋಯಿಸರ ಹತ್ತಿರ ಹೋಗಿ ಬಂದಳು, ಅವರು ಅಷ್ಟಮ ಶನಿ ಎಂದರು. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಜೀವ ಹಗುರಾಗಿದೆ. ಕೊಂದವನು ಶನಿ, ಸತ್ತವನ ಹಣೆಬರಹ ಕೆಟ್ಟದ್ದು, ನೀನು ಪಾಪ ನಡುವೆ ಸಿಕ್ಕಿಬಿದ್ದವನು. ಕೆಲವು ವರ್ಷದ ಹಿಂದೆ ಜೋಳ ಆಳೆತ್ತರ ಬಂದಾಗ ಹಣೆಬರಹ ಎಂದೆಯಾ? ನನ್ನ ದುಡಿಮೆ, ನನ್ನ ಬುದ್ಧಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ನನಗೇನೂ ತಿಳಿಯುವುದಿಲ್ಲ ಎಂದುಕೊಳ್ಳಬೇಡ. ಹಂದಿ ಎರಡು ವರ್ಷ ಹೊಲ ಹಾಳು ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಪಟಾಕಿ ಹೊಡೆದದ್ದಾಯಿತು, ಕಾವಲಿನ ಅಟ್ಟಣೆ ಮಾಳದಲ್ಲಿ ಕೂತು ಡಬ್ಬ ಬಡಿದದ್ದಾಯಿತು. ಪಂಪ್‌ಸೆಟ್ಟಿನ ಲೈನಿನಿಂದ ಬೇಲಿಗೆ ಕರೆಂಟು ಕೊಡುವವನು ಊರಿನಲ್ಲಿ ನೀನೊಬ್ಬನೇ ಅಲ್ಲ ಎಂಬುದೂ ಗೊತ್ತು. ಅಪ್ಪ ಚಿಕ್ಕಂದಿನಿಂದ ನಿನ್ನನ್ನು ಹೆದರಿಸಿ ಬೆಳೆಸಿದ, ಬೆಳೆ ಹೋದರೆ ಈಗಲೂ ಬೈಯುತ್ತಾನೆ. ಇವೆಲ್ಲ ಸೇರಿ ನಿನ್ನನ್ನು ಆ ಬೇಲಿಯವರೆಗೆ ತಳ್ಳಿಕೊಂಡು ಹೋದವು ಎನ್ನು, ಒಪ್ಪುತ್ತೇನೆ.

ಆದರೆ ಬಲ್ಬು? ಕರೆಂಟು ಕೊಡುವವರು ಕಾಲುದಾರಿಯ ಕಂಬಕ್ಕೆ ಕೆಂಪು ಬಲ್ಬು ಹಾಕಬೇಕು, ಬಲ್ಬು ಉರಿದರೆ ಆ ದಾರಿ ಯಾರೂ ತುಳಿಯಬಾರದು ಎಂದು ಊರವರೆಲ್ಲ ಕೂತು ಮಾತಾಡಿಕೊಂಡದ್ದು. ಅದು ಕಾಯಿದೆಗೆ ವಿರುದ್ಧವೋ ಏನೋ, ನಮ್ಮಲ್ಲಿ ಮಕ್ಕಳಿಗೂ ಗೊತ್ತಿದ್ದ ಕಟ್ಟು. ಆ ಸಂಜೆ ಕರೆಂಟಿನವರ ಜೀಪು ಊರಿಗೆ ಬಂದಿದೆ ಎಂದು ಸುದ್ದಿಯಾಯಿತು. ಕೆರೆಯ ಏರಿ ಮೇಲಿಂದ ಬಲ್ಬು ಕಾಣುತ್ತದೆಂದು ನೀನು ಅದನ್ನು ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡೆ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ನಾನು ನೋಡಿದೆ. ಬಲ್ಬು ತೆಗೆದ ಎಂದರೆ ಕರೆಂಟೂ ತೆಗೆದಿರುತ್ತಾನೆ ಎಂದುಕೊಂಡು ಮನೆಗೆ ಬಂದೆ. ಕತ್ತಲಾಗುವ ಹೊತ್ತಿಗೆ ಶಂಕ್ರಪ್ಪಣ್ಣ ತಪ್ಪಿಸಿಕೊಂಡ ಕರು ಹುಡುಕುತ್ತ ಅದೇ ದಾರಿಯಲ್ಲಿ ಬಂದ. ಪೊಲೀಸರು ಬರುವಷ್ಟರಲ್ಲಿ ಬಲ್ಬು ಮತ್ತೆ ಕಂಬದಲ್ಲಿ ಉರಿಯುತ್ತಿತ್ತು. ಶನಿಗೆ ಬಲ್ಬು ಬಿಚ್ಚಲು ಬರುತ್ತದೆಯೇನೋ? ಬಿಚ್ಚಿದ ಎಂದೇ ಇಟ್ಟುಕೋ, ಹೆಣ ಬಿದ್ದ ಮೇಲೆ ಮತ್ತೆ ಹಾಕಲು ಬಂದವನು ಯಾರು?

ಜೈಲಿನಲ್ಲಿ ಜಾಲರಿಯ ಆಚೆ ನಿಂತು ನೀನೇ ಹೇಳಿದೆ, "ಅವತ್ತೊಂದಿನ ಯಾರ್ ಬರ್ತಾರೆ ಅಂದ್ಕಂಡೆ ಅಕ್ಕಾ" ಎಂದು. ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಯಾರು ಬರುತ್ತಾರೆ ಎಂದುಕೊಂಡೆ ಎಂದರೆ ಯಾರಾದರೂ ಬರಬಹುದು ಎಂಬ ಯೋಚನೆ ನಿನಗೆ ಬಂದಿತ್ತು ಎಂದೇ ಅರ್ಥ. ಬಂದಿತ್ತು, ನೀನು ಅದನ್ನು ಪಕ್ಕಕ್ಕೆ ತಳ್ಳಿದೆ. ಹಾಗೆ ತಳ್ಳುವಾಗ ನಿನ್ನ ಕೈ ಹಿಡಿದವರು ಯಾರೂ ಇರಲಿಲ್ಲ. ನಾನು ಶಾಲೆಯಲ್ಲಿ ಬಿಸಿಯೂಟ ಬಡಿಸುವವಳು, ನನಗೆ ಶಾಸ್ತ್ರ ಗೊತ್ತಿಲ್ಲ. ಒಂದನೇ ಇಯತ್ತೆಯ ಮಕ್ಕಳು ಸಾರು ಚೆಲ್ಲಿ "ತಾನಾಗೇ ಬಿತ್ತು" ಎನ್ನುತ್ತಾರೆ. ನಾನು ಬೈಯುವುದಿಲ್ಲ, ಬಟ್ಟೆ ಕೊಟ್ಟು ಒರೆಸು ಎನ್ನುತ್ತೇನೆ. ನಿನಗೆ ನಲವತ್ತಾಯಿತು ರಾಘು.

ಈಗ ನಿನ್ನ ವಕೀಲರು ನನ್ನನ್ನೇ ಸಾಕ್ಷಿಗೆ ಹಾಕಿದ್ದಾರೆ. ಬಲ್ಬು ಉರಿಯುತ್ತಿತ್ತು, ಶಂಕ್ರಪ್ಪ ಕುಡಿದಿದ್ದ, ನೋಡದೆ ನುಗ್ಗಿದ ಎಂದು ನಾನು ಹೇಳಬೇಕಂತೆ. ಹಬ್ಬಕ್ಕೂ ಒಂದು ತೊಟ್ಟು ಮುಟ್ಟದ ಮನುಷ್ಯ! ಮನೆಯವರೆಲ್ಲ ನನ್ನ ಕಾಲು ಹಿಡಿಯುವುದೊಂದು ಬಾಕಿ. ಅಪ್ಪನದು ಒಂದೇ ಹಾಡು, "ಆಗಿದ್ದು ಆಗೋತು, ಬರ್ದಿದ್ದು ತಪ್ಸಾಕೆ ಯಾರ್ ಕೈಲಾಗ್ತೈತೆ." ತಪ್ಪಿಸಲು ಆಗುವುದಿಲ್ಲ ಎಂದ ಮೇಲೆ ವಕೀಲರನ್ನು ಯಾಕೆ ಇಟ್ಟಿರಿ ಎಂದು ಕೇಳಿದೆ, ಎದ್ದು ಹೊರಗೆ ಹೋದ. ಇನ್ನು ಶಂಕ್ರಪ್ಪಣ್ಣನ ಹೆಂಡತಿ ಮುರಿಗೆವ್ವ. ಹಾವೇರಿ ಕಡೆಯಿಂದ ಮದುವೆಯಾಗಿ ಬಂದವಳು, ಇಲ್ಲಿ ಅವಳಿಗೆ ತನ್ನವರು ಎಂಬವರಿಲ್ಲ. ಬಾವಿಕಟ್ಟೆಯಲ್ಲಿ ಸಿಕ್ಕಾಗೆಲ್ಲ ಗಂಡನನ್ನೇ ಬೈಯುತ್ತಾಳೆ, "ಅಷ್ಟು ಕೆಂಪಗೆ ಉರಿಯೋದು ಕಾಣಲಿಲ್ಲೇನ್ರಿ, ಕಣ್ಣು ಎಲ್ಲಿಟ್ಟಿದ್ರು" ಎಂದು. ಋಣ ತೀರಿತ್ತು ಬಿಡ್ರಿ ಎಂದು ತಾನೇ ಸಮಾಧಾನ ಮಾಡಿಕೊಳ್ಳುತ್ತಾಳೆ. ಅವಳು ಹಾಗೆಂದರೆ ನನಗೆ ಅಳು ಬರುತ್ತದೆ, ಅದೇ ಮಾತು ನೀನು ಬರೆದರೆ ಮೈ ಉರಿಯುತ್ತದೆ.

ಇಷ್ಟು ಬೈದೆನೆಂದು ನೀನು ನನಗೆ ಬೇಡವಾದೆ ಎಂದುಕೊಳ್ಳಬೇಡ. ಅವ್ವ ಹೋದ ಮೇಲೆ ನಿನ್ನನ್ನು ಎತ್ತಿ ಬೆಳೆಸಿದವಳು ನಾನು. ಹೊದೆಯಲು ಕಂಬಳಿ ಕಳಿಸುತ್ತೇನೆ, ಚಳಿಗೆ ಎದೆ ಮುಚ್ಚಿಕೊಂಡು ಮಲಗು. ದೇವರು ನಿನಗೆ ಆರೋಗ್ಯ ಕೊಡಲಿ, ಉಳಿದದ್ದನ್ನು ನೀನೇ ನೋಡಿಕೋ.

ನಿನ್ನ ಅಕ್ಕ,
ಮಂಜಿ

ಮಂಗಳವಾರ ಸೇರಿಸಿದ್ದು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನೆ ಮುರಿಗೆವ್ವನ ಮನೆಗೆ ಹೋಗಿ ಬಲ್ಬಿನ ವಿಷಯ ಹೇಳಿಬಿಟ್ಟೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಸಿಲ ಮೇಲೆ ಕೂತುಬಿಟ್ಟಳು. ಆಮೇಲೆ, "ಹಂಗಾದ್ರ ಅವರು ಕಂಬ ನೋಡೇ ಕಾಲಿಟ್ಟಾರ ಅಕ್ಕಾರ, ನಾ ಸುಮ್ಮನ ಬೈದೆ" ಎಂದು ಗಂಡನ ಹೆಸರು ಹಿಡಿದು ಅತ್ತಳು. ಹದಿನೆಂಟಕ್ಕೆ ಶಿರಸಿ ಕೋರ್ಟಿನಲ್ಲಿ ನನ್ನ ಸಾಕ್ಷಿ. ಅಷ್ಟರೊಳಗೆ ನೀನಾಗಿಯೇ ಹೇಳಿದರೆ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಹೇಳದಿದ್ದರೆ ಎದುರಿಗೆ ನಿಂತು ನಾನೇ ಹೇಳುತ್ತೇನೆ.