ಎರಡು ಸುತ್ತಿನ ರಬ್ಬರ್ ಬ್ಯಾಂಡ್

ಜೂನ್ 3, ಸೋಮವಾರ

ಔಷಧದ ಕಪಾಟಿಗೆ ಬೀಗ. ಕೀಲಿ ನನ್ನ ಪರ್ಸಿನಲ್ಲಿ. ಮೂರು ಸಲ ಮುಟ್ಟಿ ನೋಡಿಕೊಂಡೆ. ನಾಲ್ಕು ಗಂಟೆಗೆ ಥೆರಪಿ — ಹನ್ನೆರಡನೆಯ ಸೋಮವಾರ. ಹೊರಗಿನ ಹಾಲಿನಲ್ಲಿ ಒಂದು ಗಂಟೆ. ಅಲ್ಲಿ ಕೂರುವ ಅಪ್ಪ ಅಮ್ಮಂದಿರು ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮಕ್ಕಳ ಕಾಲು ಮುರಿದಿದ್ದರೆ ಮಾತಾಡಿಸುತ್ತಿದ್ದೆವೇನೋ.

ಫೆಬ್ರವರಿಯಲ್ಲಿ ಮಗಳು ಗುಬ್ಬಿ ಆಸ್ಪತ್ರೆಯಲ್ಲಿ ಹತ್ತು ದಿನ. ಆಮೇಲೆ ಇದು. ಗುಬ್ಬಿ ದಿನಾ ಒಂದು ಹಳದಿ ಕಾರ್ಡು ತುಂಬಬೇಕು. ಸಾಯಬೇಕು ಅನ್ನಿಸಿದ್ದು ಎಷ್ಟು — ಸೊನ್ನೆಯಿಂದ ಐದು. ಹದಿನಾರು ವರ್ಷದವಳು. ಆ ಕಾರ್ಡು ಅವಳದು ಮತ್ತು ಥೆರಪಿಸ್ಟ್ ಮೇಡಂ ಅವರದು ಮಾತ್ರ. "ಬೇರೆ ಏನು ಬೇಕಾದ್ರೂ ಚೆಕ್ ಮಾಡು, ಅದೊಂದು ಮುಟ್ಬೇಡ" ಎಂದಿದ್ದಳು. ಸರಿ ಎಂದಿದ್ದೆ.

ದಿನಾ ಓದುತ್ತೇನೆ. ಅವಳು ಸ್ನಾನಕ್ಕೆ ಹೋದಾಗ.

ಜೂನ್ 5

ಇಂದು ಒಂದು. ನಿನ್ನೆಯೂ ಒಂದು. ಏಪ್ರಿಲ್‌ನಲ್ಲಿ ನಾಲ್ಕು, ಐದು, ಐದು ಇತ್ತು. ಖುಷಿಯಾಗಬೇಕು. ಯಾಕೆ ಆಗುತ್ತಿಲ್ಲ? ಕೆಟ್ಟ ಸುದ್ದಿಯೇ ಅಭ್ಯಾಸವಾಗಿಬಿಟ್ಟಿದೆಯೇ ನನಗೆ?

ಸಂಜೆ ಅವಳ ಮಂಚದ ತುದಿಯಲ್ಲಿ ಕೂತು, ಪೇರೆಂಟ್ ಸೆಷನ್‌ನಲ್ಲಿ ಕಲಿಸಿದಂತೆ ಹೇಳಿದೆ: "ನಿಂಗೆ ತುಂಬ ಕಷ್ಟ ಆಗ್ತಿದೆ ಅಂತ ನಂಗೆ ಕಾಣ್ತಿದೆ."

"ಅಮ್ಮಾ, ಅದು ಹ್ಯಾಂಡೌಟಿನ ಮೂರನೇ ಪೇಜು."

"ಹೌದಾ?"

"ನಾಲ್ಕನೇ ಪೇಜಲ್ಲಿ, ಸ್ವಲ್ಪ ಹೊತ್ತು ಒಬ್ಬಳೇ ಇರೋಕೆ ಬಿಡಿ ಅಂತಿದೆ. ಅಲ್ಲೀತನಕ ಓದೇ ಇಲ್ವಾ?"

ಇಬ್ಬರೂ ನಕ್ಕೆವು. ಎದ್ದು ಬಂದೆ. ಬಾಗಿಲು ತೆರೆದೇ ಇಟ್ಟು.

ಜೂನ್ 8, ಶನಿವಾರ

ಬಚ್ಚಲಿನಲ್ಲಿ ನಲ್ಲಿ ಹರಿಯುತ್ತಲೇ ಇತ್ತು. ಅದರಡಿಯಲ್ಲಿ ಅಳು. ಬಾಗಿಲಿಗೆ ಕಿವಿ ಇಟ್ಟು ನಿಂತೆ — ಕಳ್ಳಿಯ ಹಾಗೆ. ಎರಡು ಸಲ ಕೂಗಿದೆ. ಎರಡು ಸಲವೂ "ಹ್ಞಾಂ, ಬಂದೆ." ಹೊರಗೆ ಬಂದಳು. ಕಣ್ಣು ಕೆಂಪು.

"ಶಾಂಪೂ ಕಣ್ಣಿಗೆ ಹೋಯ್ತು."

ಕೂದಲು ಒದ್ದೆಯಾಗಿರಲೇ ಇಲ್ಲ.

ಆಮೇಲೆ ಕಾರ್ಡು ನೋಡಿದೆ. ಸೊನ್ನೆ.

ಜೂನ್ 10, ಸೋಮವಾರ

ಮೇಡಂ ನಮ್ಮನ್ನೂ ಒಳಗೆ ಕರೆದರು. ಐದು ವಾರದಿಂದ ಅಂಕಿ ಇಳಿಯುತ್ತಿದೆ. ಹೀಗೇ ಇದ್ದರೆ ಜುಲೈಯಿಂದ ಎರಡು ವಾರಕ್ಕೊಮ್ಮೆ ಸಾಕು ಎಂದರು. "ನಿಮಗೇನಾದ್ರೂ ಬೇರೆ ಥರ ಅನ್ನಿಸ್ತಿದ್ರೆ ಹೇಳಿ." ನನ್ನನ್ನೇ ನೋಡಿ ಕೇಳಿದರು.

ಶನಿವಾರದ ಅಳು ಹೇಳಬಹುದಿತ್ತು. ಹೇಳಿದರೆ ಆ ದಿನದ ಸೊನ್ನೆಯ ಮಾತೂ ಬರುತ್ತದೆ. ಅದು ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ? ತಲೆ ಅಲ್ಲಾಡಿಸಿದೆ — ಏನೂ ಇಲ್ಲ.

ಕಾರಿನಲ್ಲಿ ಇವರ ಸಂಭ್ರಮ ನೋಡಲಾಗುತ್ತಿರಲಿಲ್ಲ. "ಇನ್ನೇನು, ದಡ ಸೇರಿದ ಹಾಗೇ."

"ಅಪ್ಪ, ನಾನೇನು ದೋಣೀನಾ?"

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಮೊದಲು ಅವಳ ನಗು ನಿಂತಿತು. ಕನ್ನಡಿಯಲ್ಲಿ ಕಂಡಿತು.

ಜೂನ್ 12, ಬೆಳಿಗ್ಗೆ — ಕನ್ನಡಕದ ಅಂಗಡಿಯಲ್ಲಿ, ಎರಡು ಗಿರಾಕಿಗಳ ನಡುವೆ

ಲೈಸೆನ್ಸ್ ರಿನ್ಯೂ ಮಾಡಿಸಲು ಕಣ್ಣಿನ ಸರ್ಟಿಫಿಕೇಟ್ ಬೇಕೆಂದು ಒಬ್ಬ ಹಿರಿಯರು ಬಂದಿದ್ದರು. ಅಕ್ಷರದ ಬೋರ್ಡಿನ ಕೊನೆಯ ಸಾಲನ್ನು ಪಟಪಟ ಓದಿದರು. ಇಪ್ಪತ್ತು ವರ್ಷದಿಂದ ಈ ಕೆಲಸ ನನ್ನದು. ನಿಜವಾಗಿ ನೋಡುವವರು ತಡವರಿಸುತ್ತಾರೆ. ಬೋರ್ಡು ಬದಲಿಸಿದೆ. ಹಳೆಯ ಸಾಲನ್ನೇ ಮತ್ತೆ ಓದಿದರು. "ಬಾಯಿಪಾಠ ಮಾಡಿದ್ದೆನಮ್ಮ," ಎಂದರು, ಸ್ಕೂಲ್ ಹುಡುಗನ ಹಾಗೆ.

ಈ ಡೈರಿಯ ಕೊನೆಯ ಪುಟಗಳಲ್ಲಿ ಅವಳ ಅಂಕಿಗಳನ್ನೆಲ್ಲ ಇಳಿಸಿಕೊಂಡಿದ್ದೇನೆ. ಈಗ ತೆರೆದು ನೋಡಿದೆ. ಏಪ್ರಿಲ್ ಪೂರ್ತಿ ಏರಿಳಿತ. ಮೇ ಮೊದಲ ವಾರದಿಂದ ಮೂರು, ಮೂರು, ಎರಡು, ಎರಡು, ಒಂದು. ಎಲ್ಲೂ ತಡವರಿಕೆಯಿಲ್ಲ. ಮೆಟ್ಟಿಲಿನ ಹಾಗೆ.

ಏಪ್ರಿಲ್ ಕೊನೆಗೆ ಏನಾಗಿತ್ತು? ಸಾಲಾಗಿ ಮೂರು ದಿನ ಐದು. ನಾನು ಊಟ ಬಿಟ್ಟೆ. ಇವರಿಗೂ ಹೇಳಿದೆ. ಇವರು ಬಿಪಿ ಮಾತ್ರೆ ಮರೆತು ಆಫೀಸಿನಲ್ಲಿ ತಲೆ ತಿರುಗಿ ಬಿದ್ದರು. ಅದಾದ ಮೇಲೆಯೇ ಮೆಟ್ಟಿಲು ಶುರು.

ಬೀಳದಂತೆ ಕೈ ಹಿಡಿದು, ಒಂದೊಂದೇ ಮೆಟ್ಟಿಲು, ನಮ್ಮನ್ನು ಇಳಿಸಿದ್ದಾಳೆ. ತಾನು ಮೇಲೆಯೇ ನಿಂತು.

ಓದದೆ ಇದ್ದಿದ್ದರೆ ಸುಳ್ಳೆಂದು ಗೊತ್ತಾಗುತ್ತಿರಲಿಲ್ಲ. ಓದದೆ ಇದ್ದಿದ್ದರೆ ಸುಳ್ಳೇ ಇರುತ್ತಿರಲಿಲ್ಲ.

ಹೇಳಿದರೆ ಇನ್ನೆಂದೂ ನನ್ನನ್ನು ನಂಬುವುದಿಲ್ಲ. ಹೇಳದಿದ್ದರೆ... ಗಿರಾಕಿ ಬಂದರು.

ಜೂನ್ 17, ಸೋಮವಾರ

ಹೇಳಿದೆ. ಮೇಡಂ ಎದುರು, ಅವಳ ಎದುರು, ಇವರ ಎದುರು. ಧ್ವನಿ ನನ್ನದಲ್ಲ ಅನ್ನಿಸಿತು.

ಗುಬ್ಬಿ ಉಗುರು ನೋಡಿಕೊಳ್ಳುತ್ತಿದ್ದಳು. "ನಂಗೊತ್ತಿತ್ತು."

"ಹೇಗೆ?"

"ಕಾರ್ಡಿಗೆ ನಾನು ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿರ್ತೀನಿ. ನೀನು ಮೂರು ಸುತ್ತು ಹಾಕಿಡ್ತೀಯ."

ಇವರು ಏನೋ ಹೇಳಲು ಹೋದರು. ಅವಳು ಬಿಡಲಿಲ್ಲ.

"ನಾನು ಐದು ಬರೆದ್ರೆ ನೀನು ಊಟ ಬಿಡ್ತೀಯ, ಅಪ್ಪ ಮಾತ್ರೆ ಬಿಡ್ತಾರೆ. ನಾನು ಎಷ್ಟು ಜನರನ್ನ ನೋಡ್ಕೊಳ್ಲಿ? ಹೇಳಿ."



ಇನ್ನು ಥೆರಪಿ ವಾರಕ್ಕೆ ಎರಡು ಸಲ. ಅವಳನ್ನು ಒಂಟಿಯಾಗಿ ಬಿಡಬಾರದು. ಹೊರಡುವಾಗ ಮೇಡಂ ನನಗೂ ಹೋಂವರ್ಕ್ ಕೊಟ್ಟರು: "ಅವಳು ಐದು ಅಂದ ದಿನ ನನಗೆ ಫೋನ್ ಮಾಡಿ. ಆಮೇಲೆ ನೀವು ಊಟ ಮಾಡಿ. ಅವಳೆದುರಿಗೇ."

ಇಷ್ಟೇನಾ ಅನ್ನಿಸಿತು.

ಜೂನ್ 20

ಮಾತಿಲ್ಲ. ನೀರು ಬೇಕೆಂದರೆ ಲೋಟ ತೋರಿಸುತ್ತಾಳೆ.

ಜೂನ್ 24

ಕಾರ್ಡು ಮೇಜಿನ ಮೇಲೆಯೇ ಬಿಟ್ಟು ಸ್ನಾನಕ್ಕೆ ಹೋದಳು. ಪರೀಕ್ಷೆಯೋ, ಮರೆವೋ. ಮುಟ್ಟಲಿಲ್ಲ. ಕೈಗೆ ಮಾಡಲು ಬೇರೆ ಕೆಲಸವೇ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಬಟ್ಟೆ ಮಡಿಸಿದೆ. ಬಿಚ್ಚಿ ಮತ್ತೆ ಮಡಿಸಿದೆ.

ಒಳಗೆ ಅವಳಿದ್ದಾಳೆ, ಹೊರಗೆ ನಾನಿದ್ದೇನೆ. ನಡುವೆ ಒಂದು ಅಂಕಿ — ನನಗೆ ಗೊತ್ತಿಲ್ಲದ್ದು. ಹೀಗೆ ಎಷ್ಟು ದಿನ ಬದುಕಲಾಗುತ್ತದೆ?

ಜೂನ್ 28, ಶುಕ್ರವಾರ, ಸಂಜೆ 7.40

ಇವರು ಇನ್ನೂ ಬಂದಿಲ್ಲ. ಎರಡು ತಟ್ಟೆ ಹಾಕಿದ್ದೆ. ಮೊದಲ ತುತ್ತು ಎತ್ತಿದಾಗ ಅವಳು ತಲೆ ಎತ್ತದೆ ಹೇಳಿದಳು.

"ಅಮ್ಮ. ಐದು."

ಹನ್ನೊಂದು ದಿನದಲ್ಲಿ ಮೊದಲ ಮಾತು.

ತುತ್ತು ತಟ್ಟೆಗಿಟ್ಟು ಫೋನ್ ಎತ್ತಿಕೊಂಡೆ. "ಹೇಳಿದ್ದು ಒಳ್ಳೇದಾಯ್ತು. ಮೇಡಂಗೆ ಫೋನ್ ಮಾಡ್ತೀನಿ. ಇಲ್ಲೇ ಇರ್ತೀನಿ."

"ಊಟ ಬಿಡ್ತೀಯಾ?"

"ಇಲ್ಲ."

ಫೋನ್ ಮಾಡಿದೆ. ಬೇರೊಬ್ಬರ ಜೊತೆ ಇದ್ದರು — ಐದು ನಿಮಿಷ, ಅವಳ ಪಕ್ಕದಲ್ಲೇ ಇರಿ ಎಂದರು. ಇದ್ದೆ. ಎಡಗೈಯಲ್ಲಿ ಅವಳ ಕೈ.

ಈಗ ಮೇಡಂ ಅವರೇ ಫೋನ್ ಮಾಡಿದ್ದಾರೆ. ಮೇಜಿನ ಆಚೆ ಕೂತು ಮಾತಾಡುತ್ತಿದ್ದಾಳೆ. ಹೂಂ. ಇಲ್ಲ. ಹೂಂ. ಅವಳ ಮಾತಿಗೆ ಕಿವಿ ಕೊಡದಿರಲೆಂದು ಇದನ್ನು ಬರೆಯುತ್ತಿದ್ದೇನೆ. ಅವಳ ಕಣ್ಣು ನನ್ನ ತಟ್ಟೆಯ ಮೇಲೆಯೇ ಇದೆ. ಇನ್ನೂ ಅರ್ಧ ಉಳಿದಿದೆ. ನೋಡುತ್ತಿದ್ದಾಳೆ. ಪೆನ್ನು ಕೆಳಗಿಟ್ಟು ಇನ್ನೊಂದು ತುತ್ತು —