ಎರಡು ಸಲ ಬಳಿದ ಬಣ್ಣ

ಅಕ್ಕಲಕೋಟ, ೧೪-೩-೧೯೫೬

ತನಿಖಾಧಿಕಾರಿ ಸಾಹೇಬರಿಗೆ ದ್ರೌಪದಿಯ ನಮಸ್ಕಾರ.

ತಾವೇ ಕಟ್ಟಿದ ವಿಮಾನದೊಡನೆ ಬಿದ್ದು ತೀರಿಕೊಂಡ ಅಂಬಾರಾಯರು ನನ್ನ ಯಜಮಾನರು. ಸೊಲ್ಲಾಪುರದ ಫಿಟ್ಟರ್ ಧರೆಪ್ಪನನ್ನು ಪೊಲೀಸರು ಹಿಡಿದಿಟ್ಟಿದ್ದಾರೆ. ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳಿಗೆ ಸೀಸ ಕಟ್ಟಿ ಅವನು ತೂಕ ಸರಿದೂಗಿಸಿದ್ದ. ಆಮೇಲೆ ನಾನು ಅವಕ್ಕೆ ಎರಡು ಸಲ ಕೆಂಪು ಬಣ್ಣ ಬಳಿದೆ.

"ಬಣ್ಣದಿಂದ ಪಟ್ಟಿ ಹಿಂದ ಭಾರ ಆತು ವೈನಿ, ಮತ್ತ ತೂಗಬೇಕು. ಇಲ್ಲಾಂದ್ರ ಮ್ಯಾಲ ರೆಕ್ಕಿ ನಡುಗಿ ಮುರೀತದ," ಎಂದ ಧರೆಪ್ಪ.

"ನಾಳಿ ನೋಡಾಕ ಜನ ಬರಾಕತ್ತಾರ, ಇರ್ಲಿ ಬಿಡೋ," ಎಂದರು ಯಜಮಾನರು. ಬಣ್ಣ ಚೆಂದ ಕಂಡಿತೆಂದು ನಾನೂ ಸುಮ್ಮನಾದೆ.

ತಪ್ಪು ತನ್ನದೇ ಎಂದು ಧರೆಪ್ಪ ಬರೆದುಕೊಟ್ಟಿದ್ದಾನಂತೆ. ಬಣ್ಣದ ಮಾತೇ ಎತ್ತಿಲ್ಲವಂತೆ. ಅದು ನನ್ನನ್ನು ಉಳಿಸಲು. ದಯವಿಟ್ಟು ಅವನನ್ನು ಬಿಡಿಸಿ. ಮಗಳನ್ನು ಚಪಳಗಾಂವದಲ್ಲಿ ನಮ್ಮವ್ವನ ಬಳಿ ಬಿಟ್ಟು, ಸೋಮವಾರ ನಾನೇ ಬಂದು ಹೇಳಿಕೆ ಕೊಡುತ್ತೇನೆ.

ಇಂತಿ,
ದ್ರೌಪದಿ ಅಂಬಾರಾಯ